ಟ್ಯಾಕ್ಸ್ ರಿಯಾಯಿತಿ, ಮನೆ ಸೈಟು, ಎರಡೂ ಪಾಲಿಕೆ ಮೀಟಿಂಗಲ್ಲೇ ತೀರ್ಮಾನ ಆಗುದಾ?

ಏಪ್ರಿಲ್ ಬಂತು ಅಂದ್ರೆ ಈ ಪ್ರಶ್ನೆ ಬಂದೇ ಬರ್ತದೆ. "ಏಪ್ರಿಲಲ್ಲಿ ಮನೆತೆರಿಗೆ ಕಟ್ಟಿದ್ರೆ 5 ಪರ್ಸೆಂಟ್ ಬಿಡ್ತಾರಲ್ಲ, ಅದನ್ನು ನಮ್ಮ ಕಾರ್ಪೊರೇಟರ್‌ಗಳು ಸೇರಿ 10 ಮಾಡ್ಲಿಕ್ಕೆ ಆಗುದಿಲ್ವಾ? ಮತ್ತೆ ಮನೆ ಇಲ್ಲದವ್ರಿಗೆ ಸೈಟ್ ಎಲ್ಲಿ ಕೊಡುದು ಅಂತ ಸಹ ಅಲ್ಲೇ ನಿರ್ಧಾರ ಆಗುದಾ?"

ಮೊದಲನೇದಕ್ಕೆ ಉತ್ತರ, ಆಗುದಿಲ್ಲ. ಎರಡನೇದು ಒಂಚೂರು ಅಲ್ಲಿ, ಬಾಕಿದ್ದು ಬೇರೆ ಮೂರ್ನಾಲ್ಕು ಆಫೀಸಲ್ಲಿ.

ಆ 5 ಪರ್ಸೆಂಟ್ ಮಂಗಳೂರು ಪಾಲಿಕೆಯವ್ರು ಕೊಡುವ ಆಫರ್ ಅಲ್ಲ, 1976ರ ಕರ್ನಾಟಕ ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲೇ ಉಂಟು. ಏಪ್ರಿಲ್ ಒಳಗೆ ಕಟ್ಟಿದ್ರೆ 5 ಪರ್ಸೆಂಟ್ ಕಮ್ಮಿ, ಮೇ ಜೂನಲ್ಲಿ ಕಟ್ಟಿದ್ರೆ ಎಷ್ಟು ಉಂಟೋ ಅಷ್ಟೇ, ಜುಲೈಯಿಂದ ತಿಂಗಳಿಗೆ 2 ಪರ್ಸೆಂಟ್ ದಂಡ. ಕೆಲವು ವರ್ಷ ರಿಯಾಯಿತಿ ಡೇಟ್ ಮುಂದೆ ಹೋದದ್ದು ನೆನಪಿರ್ಬಹುದು, ಅದು ಕೂಡ ಬೆಂಗಳೂರಿಂದ ಸರ್ಕಾರದ ಆದೇಶ ಬಂದ ಮೇಲೆ ಆದದ್ದು, ಇಲ್ಲಿ ಮಂಗಳೂರಿನ ಲಾಲ್‌ಬಾಗಲ್ಲಿರುವ ಪಾಲಿಕೆ ಆಫೀಸಲ್ಲಿ ಕೂತು ಮಾಡಿದ್ದಲ್ಲ.

ನಮ್ಮ ಅಪ್ಪ ಹಳೇ ರಶೀದಿಗಳನ್ನೆಲ್ಲ ಒಂದು ಬಟ್ಟೆ ಅಂಗಡಿ ಪ್ಲಾಸ್ಟಿಕ್ ಲಕೋಟೆಯಲ್ಲಿ ಇಟ್ಟಿದ್ದಾರೆ, ಪ್ರತಿ ವರ್ಷ ಅದನ್ನು ಊಟದ ಮೇಜಿನ ಮೇಲೆ ಹರಡಿ ಕನ್ನಡಕ ಹಾಕ್ಕೊಂಡು ಕಳೆದ ಸಲದ ಫಾರ್ಮ್ ನೋಡಿ ನೋಡಿ ಈ ಸಲದ್ದು ತುಂಬಿಸುದು. ಆ ಲೆಕ್ಕ ನೋಡ್ತಾ ನಂಗೆ ಗೊತ್ತಾದ್ದು ಎಂತ ಅಂದ್ರೆ ನಾವು ತಲೆಕೆಡಿಸ್ಕೊಳ್ಬೇಕಾದ ಜಾಗ ಈ ರಿಯಾಯಿತಿ ಅಲ್ಲವೇ ಅಲ್ಲ. ತೆರಿಗೆ 4000 ರೂಪಾಯಿ ಅಂತ ಇಟ್ಕೊಳ್ಳಿ. ಏಪ್ರಿಲಲ್ಲಿ ಕಟ್ಟಿದ್ರೆ ಉಳಿಯುದು 200. ಮರೆತು ಮಾರ್ಚಿಗೆ ಕಟ್ಟಿದ್ರೆ ದಂಡ ತಿಂಗಳಿಗೆ 80ರ ಹಾಗೆ ಒಂಬತ್ತು ತಿಂಗಳಿಗೆ 720. ಸರಿ, ಈಗ ಕೌನ್ಸಿಲಿನ ಕೈಯಲ್ಲಿ ನಿಜವಾಗಿ ಇರುವ ವಿಷಯಕ್ಕೆ ಬನ್ನಿ. 2021ರ ತಿದ್ದುಪಡಿ ಆದ್ಮೇಲೆ ವರ್ಷಕ್ಕೆ 3ರಿಂದ 5 ಪರ್ಸೆಂಟ್ ತೆರಿಗೆ ಏರಿಸ್ಲೇಬೇಕು ಅಂತ ಉಂಟು, ಆದ್ರೆ 3 ಏರಿಸುದಾ 5 ಏರಿಸುದಾ ಅಂತ ಪಾಲಿಕೆ ಠರಾವು ಮಾಡ್ಬಹುದು. ಅದೇ 4000, ವರ್ಷಕ್ಕೆ 3ರ ಹಾಗೆ ಏರಿದ್ರೆ ಹತ್ತು ವರ್ಷಕ್ಕೆ ಸುಮಾರು 5375 ಆಗ್ತದೆ, 5ರ ಹಾಗೆ ಏರಿದ್ರೆ 6500 ದಾಟ್ತದೆ! ಇದರ ಬಗ್ಗೆ ಕೇಳುವವ್ರೇ ಇಲ್ಲ ಅಂತ ನಂಗೆ ನಿಜಕ್ಕೂ ಬೇಸರ ಉಂಟು.

ಇನ್ನೊಂದು, ಮನೆಯಲ್ಲಿ ಮಾಜಿ ಸೈನಿಕರು ಇದ್ರೆ ಅವ್ರೇ ವಾಸ ಮಾಡುವ ಮನೆಗೆ ತೆರಿಗೆ ಅರ್ಧ, ತುಂಬ ಜನ ಇದನ್ನು ಕೇಳಿ ತೆಗೊಳ್ಳುದೇ ಇಲ್ಲ. ಕಸದ ಸೆಸ್ಸಿಗೆ ಮಾತ್ರ ಏಪ್ರಿಲ್ ರಿಯಾಯಿತಿ ಸಿಗುದಿಲ್ಲ.

ಈಗ ಸೈಟಿನ ವಿಷಯ, ಇದು ಸ್ವಲ್ಪ ಉದ್ದ ಉಂಟು. ಯಾವ ಜಾಗದಲ್ಲಿ ಮನೆ ಕಟ್ಬಹುದು ಯಾವ್ದರಲ್ಲಿ ಆಗುದಿಲ್ಲ ಅಂತ ಗೆರೆ ಹಾಕುದು ಪಾಲಿಕೆ ಅಲ್ಲ, ಮುಡಾ, ಅಂದ್ರೆ ಉರ್ವಸ್ಟೋರಲ್ಲಿ ಇರುವ ನಗರಾಭಿವೃದ್ಧಿ ಪ್ರಾಧಿಕಾರ. ಅವರ ಮಾಸ್ಟರ್ ಪ್ಲಾನ್ ಮ್ಯಾಪಲ್ಲಿ ಹಳದಿ ಇದ್ರೆ ವಸತಿ, ಹಸಿರು ಇದ್ರೆ ಕೃಷಿ. ಮುಡಾ ತನ್ನದೇ ಲೇಔಟ್ ಮಾಡಿ ಅರ್ಜಿ ಕರೆದು ಮಾರುದೂ ಉಂಟು. ಆದ್ರೆ ಬಡವರ ಆಶ್ರಯ ಸೈಟು ಅಂದ್ರೆ ದಾರಿ ಬೇರೆ, ಸರ್ಕಾರಿ ಜಾಗ ಗುರುತು ಮಾಡಿ ಕೊಡುದು ತಹಶೀಲ್ದಾರ್ ಮತ್ತೆ ಡೀಸಿ, ಫಲಾನುಭವಿಗಳ ಪಟ್ಟಿ ಮಾಡುದು ಎಮ್ಮೆಲ್ಲೆ ಅಧ್ಯಕ್ಷರಾಗಿರುವ ಆಶ್ರಯ ಸಮಿತಿ, ಮನೆಗೆ ದುಡ್ಡು ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ. ಪಾಲಿಕೆಗೆ ಉಳಿಯುದು ಅರ್ಜಿ ತೆಗೊಳ್ಳುದು, ಠರಾವು ಮಾಡಿ ಕಳಿಸುದು, ಆಮೇಲೆ ರಸ್ತೆ ನೀರು ಚರಂಡಿ. ಹಾಗಾಗಿ ಕಾರ್ಪೊರೇಟರ್ "ಸೈಟ್ ಮಾಡಿಸಿ ಕೊಡ್ತೇನೆ" ಅಂದ್ರೆ ಅವ್ರು ಸುಳ್ಳು ಹೇಳಿದ್ದು ಅಂತಲ್ಲ, ಬರೆದು ಒತ್ತಾಯ ಮಾಡ್ತಾರೆ, ಆದ್ರೆ ಅವರ ಸಹಿಗೆ ಜಾಗ ಹುಟ್ಟುದಿಲ್ಲ.

ಜಾಗ ಹುಡುಕುದೇ ನಮ್ಮ ಜಿಲ್ಲೆಯಲ್ಲಿ ಕಷ್ಟ ಮಾರ್ರೆ. ಸರ್ಕಾರಿ ಜಾಗ ಅಂತ ಆರ್‌ಟೀಸೀಲಿ ಇರ್ತದೆ, ಹೋಗಿ ನೋಡಿದ್ರೆ ಯಾರದ್ದೋ ವರ್ಗ ಜಾಗಕ್ಕೆ, ಅಂದ್ರೆ ಪಟ್ಟಾ ಇರುವ ಕೃಷಿ ಜಾಗಕ್ಕೆ, ತಾಗಿದ ಕುಮ್ಕಿ, ಅವ್ರು ತಲೆತಲಾಂತರದಿಂದ ಸೊಪ್ಪು ಕಟ್ಟಿಗೆ ತೆಗೆದ ಜಾಗ, ಬಿಡುದಿಲ್ಲ. ಡೀಸಿ ಮನ್ನಾ ಜಾಗ (ಇಲ್ಲಿ ಡೀಸಿ ಅಂದ್ರೆ ಜಿಲ್ಲಾಧಿಕಾರಿ ಅಲ್ಲ, ಡಿಪ್ರೆಸ್ಡ್ ಕ್ಲಾಸ್) ದಲಿತರಿಗೇ ಅಂತ ಮೀಸಲಿಟ್ಟದ್ದು, ಅದನ್ನು ಬೇರೆಯವ್ರಿಗೆ ಹಂಚುದು ತಪ್ಪು, ನಾನಂತೂ ಅದಕ್ಕೆ ಯಾವತ್ತೂ ಒಪ್ಪುದಿಲ್ಲ. ಹೊಳೆ ಕರೆ, ಕಡಲ ಕರೆ, ಅಂದ್ರೆ ದಡದ ಜಾಗ, ಸಿಆರ್‌ಝಡ್, ಕಟ್ಟಡಕ್ಕೆ ನಿರ್ಬಂಧ ಇರುವ ಕರಾವಳಿ ವಲಯ. ಮತ್ತೆ ಉಳಿದದ್ದು ತಗ್ಗಿನ ಗದ್ದೆ ಜಾಗ ಬೈಲು, ಇಲ್ಲಾಂದ್ರೆ ಗುಡ್ಡದ ಮೇಲಿನ ಸಮತಟ್ಟು ಜಾಗ ಪದವು. ಊರಿನ ಹೆಸರಲ್ಲೇ ಉಂಟಲ್ಲ, ಕೊಡಿಯಾಲ್‌ಬೈಲ್, ಕುಂಜತ್ತಬೈಲ್. ಬೈಲಿಗೆ ಮಣ್ಣು ತುಂಬಿಸಿ ಸೈಟ್ ಮಾಡಿದ್ರೆ ಜೂನ್ ಜುಲೈಲಿ ನೀರು ಎಲ್ಲಿಗೆ ಹೋಗ್ಬೇಕು? ಪದವಿನ ಮೇಲೆ ಗುಡ್ಡ ನೆಟ್ಟಗೆ ಕಡಿದು ಮಾಡಿದ್ರೆ ಅದೇ ಮಳೆಗೆ ಮುರಕಲ್ಲಿನ ಅಡಿಯ ಜೇಡಿಮಣ್ಣು ಜಾರ್ತದೆ. ಮ್ಯಾಪ್ ಬಣ್ಣ ಎಂತ ಇದ್ರೂ ಒಂದು ಮಳೆಗಾಲ ಆ ಜಾಗ ನೋಡದೆ ಬಡವರನ್ನು ಅಲ್ಲಿಗೆ ಕಳಿಸ್ಬಾರ್ದು.

ನಾವು ಮಾತಾಡ್ಲಿಕ್ಕೆ ಆಗುವ ಜಾಗ ಎರಡು. ಮಾಸ್ಟರ್ ಪ್ಲಾನಿನ ಕರಡು ಹೊರಗೆ ಬಂದಾಗ ಆಕ್ಷೇಪಣೆಗೆ 60 ದಿನ ಟೈಮ್ ಕೊಡ್ತಾರೆ, ಆಗ ಸರ್ವೆ ನಂಬರ್ ಹಾಕಿ ಲಿಖಿತವಾಗಿ ಕೊಡ್ಬೇಕು, ಬಾಯಲ್ಲಿ ಹೇಳಿದ್ದಕ್ಕೆ ಲೆಕ್ಕ ಇಲ್ಲ. ಇನ್ನೊಂದು ಪಾಲಿಕೆ ಬಜೆಟ್ ಮೊದಲಿನ ಸಾರ್ವಜನಿಕರ ಸಭೆ, ತೆರಿಗೆ 3 ಪರ್ಸೆಂಟ್ ಏರಿಸಿದ್ರೆ ಸಾಕು ಅಂತ ಕೇಳುದಿದ್ರೆ ಅಲ್ಲಿ. 60 ವಾರ್ಡಿನ ಕೌನ್ಸಿಲಿನ ಅವಧಿ 2025ರ ಫೆಬ್ರವರಿಯಲ್ಲಿ ಮುಗೀತು, ಹೀಗೆ ಕೌನ್ಸಿಲ್ ಇಲ್ಲದ ಹೊತ್ತಲ್ಲಿ ಅದರ ಅಧಿಕಾರ ಆಡಳಿತಾಧಿಕಾರಿಗೆ ಹೋಗ್ತದೆ, ಅರ್ಜಿಯನ್ನೂ ಅವರ ಹೆಸರಿಗೇ ಬರೀಬೇಕು.

ಮತ್ತೆ ಖಾಸಗಿಯವ್ರ ಹತ್ರ ಐದು ಸೆಂಟ್ಸ್ ತೆಗೊಳ್ಳುವವ್ರಿಗೆ, ಅಡ್ವಾನ್ಸ್ ಕೊಡುವ ಮೊದ್ಲು ಸರ್ವೆ ನಂಬರ್ ಹಿಡ್ಕೊಂಡು ಮುಡಾಕ್ಕೆ ಹೋಗಿ ಅದು ಯಾವ ಝೋನಲ್ಲಿ ಉಂಟು ಅಂತ ಬರವಣಿಗೆಯಲ್ಲಿ ತೆಗೊಳ್ಳಿ. ನಮ್ಮ ಚಿಕ್ಕಮ್ಮ ಹಾಗೆ ಮಾಡದೆ ದುಡ್ಡು ಕೊಟ್ರು, ಜಾಗ ಹಸಿರಲ್ಲಿತ್ತು, ಈಗ್ಲೂ ಬಾಡಿಗೆ ಮನೆಯಲ್ಲೇ ಇದ್ದಾರೆ.