ಗಾಡಿ ನಮ್ಮ ಕೈಲಿಲ್ಲ, ಕ್ಯಾಮೆರಾ ಮಾತ್ರ

ಪೊಕೆಮಾನ್ ಎಂಬ ಕಾಲ್ಪನಿಕ ಪ್ರಾಣಿಗಳ ಫೋಟೊ ತೆಗೆಯುವ ವಿಡಿಯೊ ಗೇಮ್ ಪೊಕೆಮಾನ್ ಸ್ನ್ಯಾಪ್. ನಿಂಟೆಂಡೊ 64 ಎಂಬ ಗೇಮ್ ಯಂತ್ರಕ್ಕೆ ಅದು ಬಂದಿದ್ದು 1999ರಲ್ಲಿ. ಒಟ್ಟು 63 ಬಗೆಯ ಪೊಕೆಮಾನ್, ಏಳು ಕೋರ್ಸು, ಅಂದರೆ ಸುತ್ತುವ ದಾರಿ. ಪಟ್ಟಾಗಿ ಕೂತರೆ ಒಂದು ಭಾನುವಾರದಲ್ಲಿ ಮುಗಿದುಹೋಗುವ ಆಟ. ಆದರೂ ಜನ ಅದನ್ನು ಬಿಟ್ಟಿಲ್ಲ. ರಂಗನತಿಟ್ಟು, ಕಬಿನಿ ಎಂದು ಕ್ಯಾಮೆರಾ ಹೊತ್ತು ತಿರುಗುವ ಮೈಸೂರಿನವರಿಗೆ ಇದರ ಕಾರಣ ಬೇಗ ಹೊಳೆಯುತ್ತದೆ. ಆಟದಲ್ಲಿ ನಾವು ಕೂರುವ ಜೀರೊ-ಒನ್ ಎಂಬ ವಾಹನ ಗೊತ್ತುಮಾಡಿದ ದಾರಿಯಲ್ಲಿ ತನ್ನ ಪಾಡಿಗೆ ಸಾಗುತ್ತದೆ. ಹಿಂದಕ್ಕೆ ತಿರುಗಿಸುವಂತಿಲ್ಲ, ಬೇಕೆಂದ ಕಡೆ ನಿಲ್ಲಿಸುವಂತಿಲ್ಲ. ಸಫಾರಿ ಜೀಪಿನಲ್ಲಿ ಕೂತವರ ಪಾಡೂ ಹೆಚ್ಚುಕಡಿಮೆ ಇದೇ.

ಒಂದು ಸುತ್ತಿಗೆ ಫಿಲಂ 60 ಫ್ರೇಮು ಮಾತ್ರ. ಜ಼ೆಡ್ ಗುಂಡಿ ಒತ್ತಿ ಹಿಡಿದರೆ ವ್ಯೂಫೈಂಡರ್, ಆಮೇಲೆ ಎ ಒತ್ತಿದರೆ ಕ್ಲಿಕ್. ಸುತ್ತು ಮುಗಿದ ಮೇಲೆ ಪ್ರತಿ ಪೊಕೆಮಾನ್‌ಗೆ ಒಂದೇ ಫೋಟೊ ಆರಿಸಿ ಆಟದೊಳಗಿನ ತೀರ್ಪುಗಾರ ಪ್ರೊಫೆಸರ್ ಓಕ್ ಮುಂದಿಡಬೇಕು. ಅವರು ನೋಡುವುದು ಮುಖ್ಯವಾಗಿ ಮೂರು: ಫ್ರೇಮಿನಲ್ಲಿ ಎಷ್ಟು ದೊಡ್ಡದಾಗಿದೆ, ಭಂಗಿ ಹೇಗಿದೆ, ನಡುವಿನಲ್ಲಿದೆಯೇ. ನಡುವಿನಲ್ಲಿದ್ದರೆ ಅಂಕ ಇಮ್ಮಡಿ. ಹತ್ತಿರ ಬಂತೆಂದು ಅವಸರಪಟ್ಟು ಬಾಲವನ್ನೋ ಕಿವಿಯನ್ನೋ ಕತ್ತರಿಸಿದರೆ ಅಂಕ ಕಡಿಮೆಯಾಗುತ್ತದೆ. ಬೆನ್ನು ತೋರಿಸಿದ್ದಕ್ಕೂ ಮರ್ಯಾದೆಯಿಲ್ಲ. ಅದೇ ಜಾತಿಯ ಇನ್ನೊಂದೆರಡು ಫ್ರೇಮಿನಲ್ಲಿದ್ದರೆ ಬೋನಸ್ ಉಂಟು.

ಆಟ ಹಳಸದಿರುವುದಕ್ಕೆ ಇನ್ನೊಂದು ಕಾರಣ, ಅಲ್ಲಿ ನಡತೆಯನ್ನು ಓದಬೇಕು. ಜ್ವಾಲಾಮುಖಿಯ ಕೋರ್ಸಿನಲ್ಲಿ ಚಾರ್ಮೀಲಿಯನ್ ಎಂಬ ಪೊಕೆಮಾನ್ ಲಾವಾ ಗುಂಡಿಯ ಅಂಚಿನಲ್ಲೇ ಸುತ್ತುತ್ತಿರುತ್ತದೆ. ಸರಿಯಾದ ಗಳಿಗೆಯಲ್ಲಿ ಒಂದು ಏಟು ಬಿದ್ದರೆ ಒಳಗೆ ಉರುಳಿ ಚಾರಿಜಾರ್ಡ್ ಎಂಬ ಬೇರೆ ಪೊಕೆಮಾನ್ ಆಗಿ ಏಳುತ್ತದೆ. ಗೊತ್ತಿಲ್ಲದವರು ಅದರ ಹತ್ತು ಫೋಟೊ ತೆಗೆದು ಮುಂದೆ ಹೋಗುತ್ತಾರೆ.

ಆದರೆ ಎರಡು ಪಾಠಗಳನ್ನು ಆಟದಲ್ಲೇ ಬಿಟ್ಟುಬರಬೇಕು. ಮೊದಲನೆಯದು, ಎಲ್ಲವನ್ನೂ ನಟ್ಟನಡುವೆ ಕೂರಿಸುವುದು. ಹೆಜ್ಜಾರ್ಲೆ ಎಡಕ್ಕೆ ಹಾರುತ್ತಿದ್ದರೆ ಎಡಗಡೆಯೇ ಜಾಗ ಬಿಡಿ; ಇಲ್ಲದಿದ್ದರೆ ಕೊಕ್ಕು ಚೌಕಟ್ಟಿಗೆ ಗುದ್ದಿದಂತೆ ಕಾಣುತ್ತದೆ. ಎರಡನೆಯದು ಇನ್ನೂ ಮುಖ್ಯ. ಆಟದಲ್ಲಿ ಸೇಬು ಎಸೆದು ಹತ್ತಿರ ಕರೆಯಬಹುದು, ಕೊಳಲು ಊದಿ ಮಲಗಿದ ಸ್ನೋರ್‌ಲ್ಯಾಕ್ಸ್ ಎಂಬ ಪೊಕೆಮಾನನ್ನು ಎಬ್ಬಿಸಬಹುದು. ಕಾಡಿನಲ್ಲಿ ಇವೆರಡೂ ಸಲ್ಲ. ಅಭಯಾರಣ್ಯದೊಳಗೆ ಪ್ರಾಣಿಗಳನ್ನು ಕೆಣಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಆ ಕೊಳಲಿನ ಜಾತಿಯದೇ: ಗೂಡು ಕಟ್ಟುವ ಕಾಲದಲ್ಲಿ ಎದುರಾಳಿ ಬಂದನೆಂದು ಹಕ್ಕಿ ಗೂಡು ಬಿಟ್ಟು ಹೊರಬರುತ್ತದೆ, ಅಷ್ಟರಲ್ಲಿ ಮೊಟ್ಟೆಗೆ ಕಾಗೆ ಬಾಯಿ ಹಾಕುತ್ತದೆ.

ಉಳಿದದ್ದನ್ನು ಧಾರಾಳವಾಗಿ ರಂಗನತಿಟ್ಟಿನ ದೋಣಿಗೆ ಒಯ್ಯಬಹುದು. ದೋಣಿಯಲ್ಲಿ ಟ್ರೈಪಾಡ್ ದಂಡ. ಅಲುಗಾಟವೆಲ್ಲ ನೇರ ಲೆನ್ಸಿಗೆ ಬರುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಕೈಯಲ್ಲೇ ಹಿಡಿಯಿರಿ. ಶಟರ್ ವೇಗ ಕೂತ ಹಕ್ಕಿಗೆ ಸೆಕೆಂಡಿನ 1/500ಕ್ಕಿಂತ ಕೆಳಗಿಳಿಯಬೇಡಿ, ಹಾರುವುದಕ್ಕೆ 1/2000. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಹೇಳುವ ಐಎಸ್‌ಒ ಆಟೊದಲ್ಲಿರಲಿ, ಚಿತ್ರದಲ್ಲಿ ಸ್ವಲ್ಪ ಗ್ರೇನ್ (ಚುಕ್ಕೆ) ಬಂದರೂ ಚಿಂತೆಯಿಲ್ಲ. ಮಸುಕಾದ ಚಿತ್ರವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಉಳಿಸುವುದಿಲ್ಲ. ಗಾಢ ಹಸಿರಿನ ಮುಂದೆ ಬಿಳಿ ಚಮಚ ಕೊಕ್ಕಿನ ಹಕ್ಕಿ ಕೂತಿದ್ದರೆ ಕ್ಯಾಮೆರಾ ಮೋಸಹೋಗಿ ಬೆಳಕು ಹೆಚ್ಚಿಸುತ್ತದೆ, ಗರಿಯ ಗೆರೆಗಳೇ ಅಳಿಸಿಹೋಗುತ್ತವೆ. ಚಿತ್ರದ ಬೆಳಕು ಹೆಚ್ಚುಕಡಿಮೆ ಮಾಡುವ ಎಕ್ಸ್‌ಪೋಷರ್ ಹೊಂದಾಣಿಕೆಯನ್ನು ಮೈನಸ್ 0.7ಕ್ಕೆ ಇಳಿಸಿ. ಬಿಳಿ ಆಕಾಶದ ಎದುರು ಕಪ್ಪು ನೀರುಕಾಗೆ ಬಂದಾಗ ಪ್ಲಸ್ 1ಕ್ಕೆ ಏರಿಸಿ. ಈ ಬದಲಾವಣೆ ಮರೆತು ಮುಂದಿನ ಹಕ್ಕಿಗೂ ಹಾಗೇ ಬಿಡುವುದೇ ಹೊಸಬರ ಚಿತ್ರ ಕೆಡಲು ದೊಡ್ಡ ಕಾರಣ.

ಆಮೇಲೆ 60 ಫ್ರೇಮಿನ ಕಟ್ಟುಪಾಡು ಹಾಕಿಕೊಂಡು ನೋಡಿ. ಸೆಕೆಂಡಿಗೆ 10 ಕ್ಲಿಕ್ಕಿಸುವ ಕ್ಯಾಮೆರಾದಲ್ಲಿ ಅದು ಆರೇ ಸೆಕೆಂಡಿನ ಬಂಡವಾಳ, ಹಾಗಾಗಿ ಒಮ್ಮೆ ಒತ್ತಿದರೆ ಒಂದೇ ಫೋಟೊ ಬರುವ ಸಿಂಗಲ್ ಶಾಟ್ ಇಟ್ಟುಕೊಳ್ಳಿ. ದೋಣಿಯಲ್ಲಿ ಕೂತು ಯಾವುದನ್ನೂ ಅಳಿಸಬೇಡಿ. ತಲೆ ಬಗ್ಗಿಸಿದ ಹೊತ್ತಿಗೇ ಬಂಡೆ ಮೇಲಿನ ಮೊಸಳೆ ನೀರಿಗಿಳಿದಿರುತ್ತದೆ. ದಡಕ್ಕೆ ಬಂದು ಜಾತಿಗೊಂದರಂತೆ ಆರಿಸಿ, ಕಣ್ಣು ಚೂಪಾಗಿಲ್ಲದ್ದನ್ನು ಮೊದಲು ತೆಗೆದುಹಾಕಿ.