ಓದಿ ಎದ್ದರ ಮೈ ಹಗೂರ

ಬೆಟಗೇರಿಯ ನನ್ನ ಚಿಗವ್ವ ಮಧ್ಯಾಹ್ನದ ಊಟ ಮುಗಿದು, ಭಾಂಡೆ ತಿಕ್ಕಿ, ಒಲೆ ಸಾರಿಸಿದ ಮೇಲೆ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂಡುತ್ತಿದ್ದಳು. ತೊಡೆಯ ಮೇಲೊಂದು ಕಾದಂಬರಿ. ನಸುಕಿನಲ್ಲಿ ಎದ್ದು ಹತ್ತು ಮಂದಿಗೆ ರೊಟ್ಟಿ ಬಡಿದ ಹೆಂಗಸು, ಮಲಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೂ ದಿನಕ್ಕೆ ಸಿಗುವ ಆ ಒಂದು ತಾಸನ್ನು ಅವಳು ಓದಿಗೇ ಕೊಡುತ್ತಿದ್ದಳು. "ಒಂದೀಟು ಅಡ್ಡಾಗಬಾರದೇನವಾ?" ಎಂದು ಬಾಜೂ ಮನೆಯ ಅಜ್ಜಿ ಕೇಳಿದರೆ ಅವಳ ಉತ್ತರ ಒಂದೇ: "ಮಲಗಿ ಎದ್ದರ ಮೈ ಜಡ ಆಗ್ತೈತ್ರಿ, ಓದಿ ಎದ್ದರ ಹಗೂರ ಆಗ್ತೈತಿ."

ಈ ಮಾತು ಮೂವತ್ತು ವರ್ಷಗಳಿಂದ ನನ್ನ ತಲೆಯಲ್ಲಿ ಉಳಿದಿದೆ. ಓದುವುದು ಕಣ್ಣಿಗೂ ಮಿದುಳಿಗೂ ದುಡಿಮೆಯೇ. ದಣಿದ ಜೀವಕ್ಕೆ ಇನ್ನೊಂದು ದುಡಿಮೆ ವಿಶ್ರಾಂತಿ ಆಗುವುದು ಹೇಗೆ? ಮಕ್ಕಳಿಗೆ ವಿಜ್ಞಾನ ಕಲಿಸುವ ನನ್ನನ್ನು ಈ ಪ್ರಶ್ನೆ ನಿಜವಾಗಿ ಹಿಡಿದು ಕೂಡಿಸಿದ್ದು ಕಳೆದ ಮಳೆಗಾಲದಲ್ಲಿ. ನಾನು ಒಂದು ಕಾದಂಬರಿಯನ್ನು ಪೂರ್ತಿ ಓದಿ ಹನ್ನೆರಡು ವರ್ಷ ಆಗಿದೆ ಎಂಬುದು ಆಗ ಲೆಕ್ಕಕ್ಕೆ ಸಿಕ್ಕಿತು.

ಬೇಕೆಂದು ಬಿಟ್ಟದ್ದಲ್ಲ. ಮಕ್ಕಳು, ಉತ್ತರಪತ್ರಿಕೆಗಳು, ಅತ್ತೆಯವರ ಕಾಯಿಲೆ, ಆಮೇಲೆ ಫೋನು. ದಿನವಿಡೀ ಏನನ್ನಾದರೂ ಓದುತ್ತಲೇ ಇದ್ದೆ. ಸುದ್ದಿ, ಸುತ್ತೋಲೆ, ಯಾರೋ ಕಳಿಸಿದ ವಾಟ್ಸ್ಆ್ಯಪ್ ಸಂದೇಶ. ಆದರೆ ಓದಿ ಎದ್ದು ಮೈ ಹಗುರಾದ ನೆನಪು ಒಂದೂ ಇಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ದಿನಾ ಓಡಾಡುತ್ತೇನೆ, ಇಪ್ಪತ್ತೆರಡು ಕಿಲೋಮೀಟರಿನ ದಾರಿ. ಕಿಟಕಿಗೆ ಜಿಟಿಜಿಟಿ ಮಳೆ ಹತ್ತಿದ್ದ ಒಂದು ದಿನ ಚೀಲದಿಂದ ಕಾದಂಬರಿ ತೆಗೆದೆ. ಮೊದಲ ಪುಟವನ್ನು ಮೂರು ಸಲ ಓದಿದೆ. ಉಣಕಲ್ ಕೆರೆ ದಾಟಿದರೂ ಎರಡನೆಯ ಪುಟಕ್ಕೆ ಹೋಗಿರಲಿಲ್ಲ. ಹುಡುಗಿಯಾಗಿದ್ದಾಗ ಬೇಸಿಗೆ ರಜೆಯಲ್ಲಿ ದಿನಕ್ಕೊಂದು ಪುಸ್ತಕ ಮುಗಿಸುತ್ತಿದ್ದವಳಿಗೆ ಇದು ಏನೋ ಕಳೆದುಕೊಂಡಷ್ಟೇ ದುಃಖ ತಂದಿತು.

ಏನು ಕಳೆದಿತ್ತು? ಕಣ್ಣಿನಿಂದಲೇ ಶುರುಮಾಡಬೇಕು. ಓದುವಾಗ ಕಣ್ಣು ಸಾಲಿನುದ್ದಕ್ಕೂ ಹರಿಯುತ್ತ ಹೋಗುತ್ತದೆ ಎಂದು ನಮಗೆ ಅನಿಸುತ್ತದೆ. ಹಾಗಲ್ಲ. ಕಾಳು ಹೆಕ್ಕುವ ಗುಬ್ಬಿಯ ಹಾಗೆ ಅದು ಜಿಗಿಯುತ್ತದೆ, ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಮತ್ತು ಅವನ ಸಂಗಡಿಗರು 1870ರ ದಶಕದ ಕೊನೆಯ ಹೊತ್ತಿಗೇ ಇದನ್ನು ಗುರುತಿಸಿದ್ದರು. ಅಕ್ಷರ ಹಿಡಿಯುವ ಕೆಲಸವೆಲ್ಲ ಕಣ್ಣು ನಿಂತಾಗ ಮಾತ್ರ. ನುರಿತ ಓದುಗರ ಕಣ್ಣು ಕೂಡ ನೂರು ಜಿಗಿತದಲ್ಲಿ ಹತ್ತು-ಹದಿನೈದು ಸಲ ಹಿಂದಕ್ಕೆ ಹೋಗಿ ಓದಿದ್ದನ್ನೇ ಮತ್ತೆ ನೋಡಿ ಬರುತ್ತದೆ. ಆದ್ದರಿಂದ ಓದಿದ ಸಾಲನ್ನೇ ಮತ್ತೆ ಓದಿದ್ದು ನನ್ನ ರೋಗವಾಗಿರಲಿಲ್ಲ.

ಮಿದುಳಿನ ಕಥೆ ಇನ್ನೂ ಸೋಜಿಗದ್ದು. ಬರವಣಿಗೆ ಹುಟ್ಟಿ ಸುಮಾರು 5,000 ವರ್ಷ. ಮಿದುಳಿನಲ್ಲಿ ಅದಕ್ಕೆಂದೇ ಒಂದು ಭಾಗ ವಿಕಾಸಗೊಳ್ಳಲು ಇಷ್ಟು ಕಾಲ ಏನೂ ಅಲ್ಲ. ಹಾಗಾಗಿ ಓದು ಕಲಿಯುವ ಪ್ರತಿ ಮಗುವೂ ಬೇರೆ ಕೆಲಸಕ್ಕಿದ್ದ ಜಾಗವನ್ನೇ ತಿದ್ದಿ ಓದಿಗೆ ಬಳಸಿಕೊಳ್ಳುತ್ತದೆ. ಆ ಜಾಗ ತಲೆಯ ಎಡಭಾಗದಲ್ಲಿ, ಕಿವಿಯ ಹಿಂದೆ ಕೆಳಗಡೆ ಇದೆ. ವಸ್ತು, ಮುಖ ಗುರುತಿಸುವ ಭಾಗಗಳ ನೆರೆಯಲ್ಲೇ. 1892ರಲ್ಲಿ ಫ್ರಾನ್ಸಿನ ನರವೈದ್ಯ ಜೂಲ್ ದೆಜೆರಿನ್ ಒಬ್ಬ ರೋಗಿಯ ಬಗ್ಗೆ ಬರೆದ. ಮಿದುಳಿಗೆ ರಕ್ತ ಹರಿಯುವುದು ನಿಂತು ಆತನಿಗೆ ಓದುವುದು ಮಾತ್ರ ಹೋಗಿತ್ತು. ಮಾತು ಇತ್ತು, ದೃಷ್ಟಿ ಇತ್ತು, ಬರೆಯಲೂ ಬರುತ್ತಿತ್ತು. ತಾನೇ ಬರೆದದ್ದನ್ನು ಓದಲು ಬರುತ್ತಿರಲಿಲ್ಲ! ನೂರು ವರ್ಷಗಳ ನಂತರ ಫ್ರಾನ್ಸಿನವರೇ ಆದ ಮಿದುಳು ವಿಜ್ಞಾನಿಗಳು ಸ್ತಾನಿಸ್ಲಾಸ್ ದೆಹಾನ್ ಮತ್ತು ಲೋರಾಂ ಕೋಯೆನ್ ಸ್ಕ್ಯಾನಿನ ನೆರವಿನಿಂದ ಆ ಜಾಗವನ್ನು ಖಚಿತವಾಗಿ ಗುರುತಿಸಿದರು. ದೊಡ್ಡವರಾದ ಮೇಲೆ ಅಕ್ಷರ ಕಲಿತವರ ಮಿದುಳಿನಲ್ಲೂ ಈ ತಿದ್ದುಪಡಿ ಆಗುತ್ತದೆ ಎಂಬುದನ್ನು ದೆಹಾನ್ ತಂಡ 2010ರಲ್ಲಿ ತೋರಿಸಿತು. ನಮ್ಮ ಕನ್ನಡದ ಮಕ್ಕಳಿಗೆ ಈ ಕೆಲಸ ಇನ್ನೂ ಉದ್ದ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಗುರುತಿಸಬೇಕಾದ ರೂಪಗಳು ನೂರಾರು. ಅವೆಲ್ಲ ಕೈವಶವಾಗುವುದಕ್ಕೆ ನಾಲ್ಕೈದನೆಯ ತರಗತಿಯವರೆಗೂ ಸಮಯ ಬೇಕೆಂದು, ಮಕ್ಕಳ ಓದಿನ ಕಲಿಕೆಯ ಸಂಶೋಧಕಿ ಸೊನಾಲಿ ನಾಗ್ ಅವರ ಅಧ್ಯಯನ ಹೇಳುತ್ತದೆ.

ಇಷ್ಟು ಪಾಡುಪಟ್ಟು ಕಟ್ಟಿದ್ದು ಹನ್ನೆರಡು ವರ್ಷ ಬೀಗ ಹಾಕಿದ ಮಾತ್ರಕ್ಕೆ ಬೀಳುವುದಿಲ್ಲ. ಅಂಗಡಿಯ ಫಲಕ ಕಣ್ಣಿಗೆ ಬಿದ್ದರೆ ಬೇಡವೆಂದರೂ ಓದಿಬಿಡುತ್ತೇವಲ್ಲ? ನನ್ನ ಓದಿಗೆ ಏನೂ ಆಗಿರಲಿಲ್ಲ. ಒಂದು ಕಡೆ ಕೂಡುವ ರೂಢಿ ತಪ್ಪಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಕೆಲಸದ ಹೊತ್ತಿನಲ್ಲಿ ಜನ ಒಂದು ಪರದೆಯ ಮೇಲೆ ಎಷ್ಟು ಹೊತ್ತು ಗಮನ ನಿಲ್ಲಿಸುತ್ತಾರೆ ಎಂದು ಅಳೆಯುತ್ತ ಬಂದವರು. 2004ರಲ್ಲಿ ಅದು ಸರಾಸರಿ ಎರಡೂವರೆ ನಿಮಿಷ ಇತ್ತು. ಈಚಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡು. ಕಾದಂಬರಿಯ ಮೊದಲ ಪುಟಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಆ ಮೊದಲ ಪುಟಗಳನ್ನು ದಾಟಿದರೆ ಸಾಕು, ಒಳಗಡೆ ಬೇರೆಯೇ ನಡೆಯುತ್ತದೆ. ಕೇಂಬ್ರಿಜಿನಲ್ಲಿ 2004ರಲ್ಲಿ ನಡೆದ ಒಂದು ಪ್ರಯೋಗದಲ್ಲಿ ಜನ ನೆಕ್ಕು, ಹೆಕ್ಕು, ಒದೆ ಎಂಬರ್ಥದ ಇಂಗ್ಲಿಷ್ ಪದಗಳನ್ನು ಸುಮ್ಮನೆ ಓದಿದರು. ಮಿದುಳಿನಲ್ಲಿ ನಾಲಿಗೆ, ಕೈ, ಕಾಲುಗಳನ್ನು ಆಡಿಸುವ ಭಾಗಗಳು, ಇಲ್ಲವೇ ಅವುಗಳ ಪಕ್ಕದವು, ಆಯಾ ಪದಕ್ಕೆ ತಕ್ಕಂತೆ ಎಚ್ಚೆತ್ತವು. ಸ್ಪೇನಿನ ಸಂಶೋಧಕರು 2006ರಲ್ಲಿ ದಾಲ್ಚಿನ್ನಿಯಂಥ ಘಮದ ಪದಗಳನ್ನು ಓದಿಸಿದಾಗ ವಾಸನೆಗೆ ಸಂಬಂಧಿಸಿದ ಭಾಗಗಳು ಸ್ಪಂದಿಸಿದವು. ಶೇಂಗಾ ಹುರಿಯುವ ವಾಸನೆ ಎಂದು ಪುಟದಲ್ಲಿ ಬಂದರೆ ನನಗೆ ಹಸಿವಾಗುವುದು ಇದರಿಂದಲೇ ಇರಬೇಕು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಗ್ಲಾಸ್ಗೋ ವಿಶ್ವವಿದ್ಯಾಲಯದ 2011ರ ಪ್ರಯೋಗ. ಒಂದೇ ಸಂಗತಿಯನ್ನು ಎರಡು ರೀತಿ ಬರೆದು ಓದಿಸಿದರು. ಒಂದರಲ್ಲಿ ಪಾತ್ರ ನೇರವಾಗಿ ಮಾತಾಡುತ್ತದೆ, ಇನ್ನೊಂದರಲ್ಲಿ 'ಆಕೆ ಹೀಗೆಂದಳು' ಎಂದು ಲೇಖಕ ವರದಿ ಮಾಡುತ್ತಾನೆ. ಮೌನವಾಗಿ ಓದುತ್ತಿದ್ದರೂ ನೇರ ಮಾತು ಬಂದಾಗ ಮಿದುಳಿನ ಧ್ವನಿ ಗುರುತಿಸುವ ಭಾಗ ಹೆಚ್ಚು ಚುರುಕಾಯಿತು. ಅಂದರೆ ಮಾತು ಕೇಳಿಸುತ್ತದೆ! ಧಾರವಾಡ ಕಡೆಯ ಕಾದಂಬರಿಯಲ್ಲಿ ಯಾರೋ "ಯಾಕ ಬಂದೀ ತಂಗಿ, ಎಲ್ಲಾ ಅರಾಮ ಅದಾರಿಲ್ಲೊ?" ಎಂದ ಕೂಡಲೇ ನನಗೆ ಅದು ತೀರಿಹೋದ ನನ್ನ ಸೋದರಮಾವನ ಧ್ವನಿಯಲ್ಲೇ ಕೇಳಿಸುತ್ತದೆ. ಬೇರೆ ಸೀಮೆಯ ಕನ್ನಡದಲ್ಲಿ ಬರೆದ ಎಷ್ಟೋ ಒಳ್ಳೆಯ ಪುಸ್ತಕಗಳನ್ನು ಪ್ರೀತಿಯಿಂದ ಓದಿದ್ದೇನೆ. ಆದರೆ ಮೈಯಲ್ಲಿ ಹುಷಾರಿಲ್ಲದಾಗ, ಮನಸ್ಸು ಮುದುಡಿದಾಗ ಕೈ ಹೋಗುವುದು ನಮ್ಮ ಮಾತಿರುವ ಪುಸ್ತಕದ ಕಡೆಗೇ. ಬ್ರಿಟನ್ನಿನ ಡರಂ ವಿಶ್ವವಿದ್ಯಾಲಯದವರು 1,566 ಓದುಗರನ್ನು ವಿಚಾರಿಸಿದಾಗ ಸುಮಾರು ಐವರಲ್ಲಿ ಒಬ್ಬರು, ಪುಸ್ತಕ ಮುಚ್ಚಿದ ಮೇಲೂ ಪಾತ್ರಗಳ ಧ್ವನಿ ತಮ್ಮ ಜೊತೆ ಉಳಿಯುತ್ತದೆ ಎಂದಿದ್ದರು.

ಈಗ ಚಿಗವ್ವನ ಮಾತಿಗೆ ಬರುತ್ತೇನೆ. ದಕ್ಷಿಣ ಆಫ್ರಿಕಾದ ಮನೋವಿಜ್ಞಾನಿ ವಿಕ್ಟರ್ ನೆಲ್, ಖುಷಿಗಾಗಿ ಓದುವವರನ್ನೇ ಹುಡುಕಿ ಅಧ್ಯಯನ ಮಾಡಿ 1988ರಲ್ಲಿ ಪ್ರಕಟಿಸಿದರು. ಇಷ್ಟದ ಪುಸ್ತಕ ಓದುತ್ತಿರುವಾಗ ಅವರ ದೇಹದ ಸ್ಥಿತಿಯನ್ನು ಉಪಕರಣ ಹಚ್ಚಿ ಅಳೆದರು. ಹೊರಗಿನಿಂದ ನೋಡಿದರೆ ಓದುಗ ಕಲ್ಲಿನ ಹಾಗೆ ಕೂತಿರುತ್ತಾನೆ. ಒಳಗೆ ಮಾತ್ರ, ಕಣ್ಣು ಮುಚ್ಚಿ ವಿಶ್ರಮಿಸುವಾಗ ಇರುವುದಕ್ಕಿಂತ ಹೆಚ್ಚಿನ ಎಚ್ಚರ, ಹೆಚ್ಚಿನ ಚಟುವಟಿಕೆ. ಪುಸ್ತಕ ಕೆಳಗಿಟ್ಟ ಕೂಡಲೇ ಆ ಬಿಗಿ ಸರ್ರನೆ ಇಳಿಯುತ್ತದೆ. ಬಾವಿಯಿಂದ ತುಂಬಿದ ಕೊಡ ಹೊತ್ತು ತಂದು ಅಡುಗೆಮನೆಯಲ್ಲಿ ಇಳಿಸಿದಾಗ ಭುಜಕ್ಕೆ ಆಗುವ ಹಗುರವನ್ನು ಅನುಭವಿಸಿದವರಿಗೆ ಇದು ತಟ್ಟನೆ ಅರ್ಥವಾದೀತು. ಬೇರೆಯವರ ಕಷ್ಟವನ್ನು ಒಂದು ತಾಸು ಹೊತ್ತು ಇಳಿಸಿದ್ದಾಳೆ ಚಿಗವ್ವ. ಆ ತಾಸಿನಲ್ಲಿ ತನ್ನ ಕಷ್ಟವನ್ನು ಹೊರುವುದಕ್ಕೆ ಅವಳ ಮನಸ್ಸಿನಲ್ಲಿ ಜಾಗವೇ ಇರಲಿಲ್ಲ. 'ಓದಿ ಎದ್ದರ' ಎಂದು ಅವಳು ಎದ್ದ ಮೇಲಿನ ಮಾತನ್ನೇ ಆಡಿದ್ದು ಎಷ್ಟು ನಿಖರ!

ನೆಲ್ ಕಂಡ ಇನ್ನೊಂದು ಸಂಗತಿ ನನ್ನ ಓದನ್ನೇ ಬದಲಿಸಿತು. ತುಂಬ ಇಷ್ಟವಾದ ಪುಟಗಳು ಬಂದಾಗ ಜನ ವೇಗ ತಗ್ಗಿಸುತ್ತಾರೆ. ಬೇಗ ಓದುವುದು ಜಾಣತನ ಎಂದು ನಾನೇ ಮಕ್ಕಳಿಗೆ ಹೇಳುತ್ತ ಬಂದಿದ್ದೆ. ಪೇಢೆಯನ್ನು ಯಾರಾದರೂ ಗಡಿಬಿಡಿಯಲ್ಲಿ ನುಂಗುತ್ತಾರೆಯೇ?

ಓದಿನ ಒತ್ತಡನಿವಾರಕ ಗುಣದ ಬಗ್ಗೆ ಒಂದು ಸಂಖ್ಯೆ ಫೋನಿನಿಂದ ಫೋನಿಗೆ ತಿರುಗುತ್ತಿದೆ, ಆರು ನಿಮಿಷ ಓದಿದರೆ ಒತ್ತಡ ಶೇಕಡಾ 68 ಇಳಿಯುತ್ತದೆಯಂತೆ. ಕೆಲವೇ ಜನರ ಮೇಲೆ ನಡೆದ ಆ ಪ್ರಯೋಗ ತಜ್ಞರ ಪರಿಶೀಲನೆಗೆ ಒಳಗಾಗಿ ವಿಜ್ಞಾನ ಪತ್ರಿಕೆಯಲ್ಲಿ ಬಂದದ್ದಲ್ಲ. ಹಾಗೆಯೇ, ಒಳ್ಳೆಯ ಸಾಹಿತ್ಯದ ಒಂದು ಸಣ್ಣ ತುಣುಕು ಓದಿದರೂ ಇತರರ ಮನಸ್ಸು ಅರಿಯುವ ಶಕ್ತಿ ಹೆಚ್ಚುತ್ತದೆ ಎಂದು 2013ರಲ್ಲಿ ಹೆಸರಾಂತ ಪತ್ರಿಕೆಯೊಂದರಲ್ಲಿ ಬಂತು. ಬೇರೆಯವರು ಅದೇ ಪ್ರಯೋಗ ಮಾಡಿದಾಗ ಅದೇ ಫಲಿತಾಂಶ ಸಿಗಲಿಲ್ಲ. ನನಗೆ ಇದರಿಂದ ನಿರಾಸೆ ಆಗಿಲ್ಲ. ಕಷಾಯದಂತೆ ಲಾಭಕ್ಕೆಂದು ಕುಡಿಯುವ ಓದು ಬಹಳ ದಿನ ನಡೆಯುವುದಿಲ್ಲ ಎಂಬುದು ನನ್ನ ಅನುಭವ.

ಚಿಗವ್ವನ ಕೈಗೆ ಪುಸ್ತಕ ಬಂದ ದಾರಿಯನ್ನೂ ಹೇಳಬೇಕು. ಕಾದಂಬರಿಯ ರುಚಿ ನಮ್ಮ ಸೀಮೆಗೆ ತಾನಾಗಿ ಬಂದದ್ದಲ್ಲ. ಹಾವೇರಿ ಕಡೆಯ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿ, ಆ ಊರಿನ ಹೆಸರಿನಿಂದಲೇ ಪ್ರಸಿದ್ಧರಾದ ವೆಂಕಟೇಶ ತಿರಕೊ ಕುಲಕರ್ಣಿಯವರು ತಾವು ಬರೆದ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಓದುವವರು ಕಡಿಮೆ ಇದ್ದ ಕಾಲದಲ್ಲಿ ಓದುಗರನ್ನು ಮನೆಮನೆಗೆ ಹೋಗಿ ಹುಟ್ಟಿಸಿದ ಹಾಗೆ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರುಮಾಡಿ ಚಂದಾದಾರರಿಗೆ ಪುಸ್ತಕ ಕಳಿಸಿದರು. ಸಾಹಿತಿಗಳು ಕೂಡುತ್ತಿದ್ದ, ಸುಭಾಸ ರಸ್ತೆಯ ಅದರ ಅಟ್ಟದ ಹೆಸರು ಕೇಳದ ಓದುಗರು ಇಲ್ಲಿ ವಿರಳ. 1956ರಿಂದ ಹುಬ್ಬಳ್ಳಿಯಲ್ಲಿ ಹೊರಡತೊಡಗಿದ ಕಸ್ತೂರಿ ಮಾಸಿಕದಲ್ಲಿ ಒಂದಿಡೀ ಪುಸ್ತಕವನ್ನು ಸಂಕ್ಷೇಪಿಸಿ ಕೊಡುವ ವಿಭಾಗವಿತ್ತು. ಚಿಗವ್ವನ ಮಾವ ಕಸ್ತೂರಿ ತರಿಸುತ್ತಿದ್ದರು, ಓದಿಯಾದ ಮೇಲೆ ಸೊಸೆಗೆ ಕೊಡುತ್ತಿದ್ದರು. ಅದಕ್ಕೂ ಹಿಂದೆ, ಅಕ್ಷರ ಬಾರದವರಿಗೂ ಗದುಗಿನ ಭಾರತದ ವಾಚನ ಇದ್ದೇ ಇತ್ತು. ಕಥೆಯಲ್ಲಿ ಮುಂದೇನಾಗುತ್ತದೆ ಎಂಬುದು ಕೂತವರಿಗೆಲ್ಲ ಗೊತ್ತು. ಕೇಳುವುದಕ್ಕೆ ಬರುತ್ತಿದ್ದುದು ಮಾತ್ರ ತಪ್ಪಲಿಲ್ಲ.

ಗೊತ್ತಿದ್ದ ಕಥೆಯನ್ನೇ ಮತ್ತೆ ಓದುವ ಈ ಆಸೆಯನ್ನೂ ಸಂಶೋಧಕರು ನೋಡಿದ್ದಾರೆ. ಕೊನೆಯನ್ನು ಮೊದಲೇ ಹೇಳಿದರೂ ಓದುಗರ ಖುಷಿ ಕಡಿಮೆಯಾಗಲಿಲ್ಲ, ಬದಲಿಗೆ ಸ್ವಲ್ಪ ಹೆಚ್ಚಿತು ಎಂದು 2011ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಬರೆದರು. ಆಮೇಲಿನ ಅಧ್ಯಯನಗಳಲ್ಲಿ ಎಲ್ಲವೂ ಇದಕ್ಕೆ ಹೌದೆಂದಿಲ್ಲ. ಮನಸ್ಸಿನ ಕಸುವು ಬರಿದಾದಾಗ ಜನ ಪರಿಚಿತ ಕಥಾಲೋಕದ ಕಡೆಗೆ ಹೋಗುತ್ತಾರೆ, ಅಲ್ಲಿಂದ ಚೇತರಿಸಿಕೊಂಡು ಬರುತ್ತಾರೆ ಎಂಬುದು ಅಮೆರಿಕದ ಜೇ ಡೆರಿಕ್ ಅವರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯ ಸಾರ. ಹೊಸ ಪಾತ್ರಗಳೊಡನೆ ಪರಿಚಯ ಬೆಳೆಸುವ ಶ್ರಮ ಅಲ್ಲಿಲ್ಲ, ಅವರು ನಮ್ಮ ಕೈಬಿಡುತ್ತಾರೆಂಬ ಭಯವೂ ಇಲ್ಲ. ಒಂದೇ ಪುಸ್ತಕವನ್ನು ವರ್ಷಕ್ಕೊಮ್ಮೆ ಯಾಕೆ ಓದುತ್ತೀ ಎಂದು ನಾನೊಮ್ಮೆ ಕೇಳಿದ್ದಕ್ಕೆ ಚಿಗವ್ವ, "ದಾರಿ ಗೊತ್ತೈತಿ ಅಂತ ತವರಮನಿಗಿ ಹೋಗೂದು ಬಿಡ್ತಾರೇನ್ ತಂಗಿ?" ಎಂದಿದ್ದಳು.

ಚಿಗರಿಯಲ್ಲಿ ಎರಡನೆಯ ಪುಟಕ್ಕೆ ಹೋಗಲಾರದ ನಾನು ಹಾಗೆ ತವರಿನ ದಾರಿ ಹಿಡಿದೇ ಮರಳಿದೆ. ಹೊಸ ಪುಸ್ತಕ ಪಕ್ಕಕ್ಕಿಟ್ಟು, ಹದಿನೈದನೆಯ ವಯಸ್ಸಿನಲ್ಲಿ ಓದಿದ್ದ ಒಂದನ್ನು ತೆಗೆದೆ. ರಾತ್ರಿ ಊಟವಾದ ಮೇಲೆ ಫೋನನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಬರುತ್ತಿದ್ದೆ. ಪರದೆಯೇ ವೈರಿ ಎಂದಲ್ಲ. 54 ಅಧ್ಯಯನಗಳನ್ನು ಒಟ್ಟುಮಾಡಿ 2018ರಲ್ಲಿ ನೋಡಿದಾಗ, ಮಾಹಿತಿಯ ಬರಹಕ್ಕೆ ಕಾಗದವೇ ಮೇಲೆನಿಸಿತು, ಕಥೆಯ ಓದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ತೊಂದರೆ ಫೋನಿನ ಗಂಟೆಯದು. ಐದಾರು ದಿನ ಪುಟಗಳು ಭಾರವಾಗಿದ್ದವು. ಎರಡನೆಯ ವಾರದಲ್ಲೊಂದು ರಾತ್ರಿ ತಲೆಯೆತ್ತಿದಾಗ ಒಂದು ಗಂಟೆ ದಾಟಿತ್ತು. ಮಳೆ ಯಾವಾಗ ನಿಂತಿತೋ ತಿಳಿದಿರಲಿಲ್ಲ. ಅಳು ಬಂತು.

ಚಿಗವ್ವನಿಗೆ ಈಗ ಎಂಬತ್ತು ದಾಟಿದೆ, ಅಕ್ಷರ ಕಾಣುವುದಿಲ್ಲ. ಶ್ರಾವಣದಲ್ಲಿ ಬೆಟಗೇರಿಗೆ ಹೋದಾಗ ಅವಳ ಟ್ರಂಕಿನಿಂದ ಆ ಪುಸ್ತಕ ತೆಗೆದೆ. ರಟ್ಟು ಹೋಗಿದೆ, ಹೆಸರಿನ ಪುಟವೂ ಹೋಗಿದೆ, ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ. ಅದೇ ಕಂಬಕ್ಕೆ ಒರಗಿ ಅವಳು ಕೂತಳು, ನಾನು ಗಟ್ಟಿಯಾಗಿ ಓದತೊಡಗಿದೆ. ನಡುನಡುವೆ ಪಾತ್ರದ ಮಾತನ್ನು ನನಗಿಂತ ಮೊದಲೇ ಅವಳು ಆಡಿಬಿಡುತ್ತಿದ್ದಳು. ಮಗಳು ಗಂಡನ ಮನೆಯಿಂದ ಮರಳಿ ಬಾಗಿಲಲ್ಲಿ ನಿಲ್ಲುವ ಪ್ರಸಂಗ ಹತ್ತಿರ ಬಂದಾಗ ಸುಕ್ಕುಗಟ್ಟಿದ ಕೈ ನನ್ನ ಮೊಣಕೈ ಮೇಲೆ ಬಿತ್ತು.

"ಓಡಬ್ಯಾಡ ತಂಗಿ, ಇಲ್ಲೆ ಸಾವಕಾಶ ಓದು."