ಹಂದಿ ಫಾರ್ಮಿಗೆ ಮೊದಲು ಗೇಟು, ಆಮೇಲೆ ಶೆಡ್ಡು

ಹಂದಿ ಸಾಕಣೆ ಬಗ್ಗೆ ಸಲಹೆ ಕೇಳುವವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಇರುತ್ತದೆ: ಯಾವ ತಳಿ ತರೋಣ? ಅದರ ಹಿಂದೆಯೇ, ಎಷ್ಟು ತಾಯಿ ಹಂದಿಗಳಿಂದ ಶುರು ಮಾಡೋಣ? ಪಶುವೈದ್ಯನಾಗಿ ನಾನು ತಿರುಗಿ ಕೇಳುವುದು ಬೇರೆ. ನಿಮ್ಮ ಫಾರ್ಮಿನೊಳಗೆ ಯಾರೆಲ್ಲ ಬರ್ತಾರೆ, ಯಾವ ದಾರಿಯಲ್ಲಿ ಬರ್ತಾರೆ?

ಈ ಪ್ರಶ್ನೆ ಇಷ್ಟು ಮುಖ್ಯವಾಗಲು ಕಾರಣ ಆಫ್ರಿಕನ್ ಹಂದಿ ಜ್ವರ. 1921ರಲ್ಲಿ ಕೀನ್ಯಾದಿಂದ ಇದರ ಮೊದಲ ವಿವರಣೆ ಪ್ರಕಟವಾಯಿತು. 2007ರಲ್ಲಿ ಜಾರ್ಜಿಯಾ ದೇಶಕ್ಕೆ ಕಾಲಿಟ್ಟಿತು. ಅಲ್ಲಿಂದ ಹರಡುತ್ತಾ ಹೋಗಿ 2018ರ ಆಗಸ್ಟ್‌ನಲ್ಲಿ ಚೀನಾದಲ್ಲಿ ಕಾಣಿಸಿಕೊಂಡಿತು. ಜಗತ್ತಿನ ಸುಮಾರು ಅರ್ಧದಷ್ಟು ಹಂದಿಗಳಿದ್ದ ದೇಶ ಅದು. ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಆದರೆ ತೀವ್ರ ತಳಿಯ ವೈರಸ್ ಹೊಕ್ಕರೆ ಶೆಡ್ಡಿನ ಹಂದಿಗಳು ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ಔಷಧಿ ಇಲ್ಲ. ವಿಯೆಟ್ನಾಂ ಕೆಲವು ಲಸಿಕೆಗಳಿಗೆ ಅನುಮತಿ ಕೊಟ್ಟಿದೆ ನಿಜ. ಆದರೆ ಅವು ಜೀವಂತ ವೈರಸ್ಸಿನ ಲಸಿಕೆಗಳು, ಸುರಕ್ಷತೆಯ ಬಗ್ಗೆ ಚರ್ಚೆ ಮುಗಿದಿಲ್ಲ. ಲಸಿಕೆ ಬರುತ್ತೆ ಅಂತ ಕಾಯುತ್ತಾ ಬಾಗಿಲು ತೆರೆದಿಡುವುದು ಬೇಡ.

ವೈರಸ್ ತಾನಾಗಿ ನಡೆದು ಬರುವುದಿಲ್ಲ. ನಾವೇ ತರುತ್ತೇವೆ, ಜಾಸ್ತಿ ಸಲ ವಾಹನದಲ್ಲಿ. ಹಂದಿ ಕೊಳ್ಳುವ ದಲ್ಲಾಳಿಯ ಗಾಡಿಯನ್ನೇ ನೋಡಿ. ಬೆಳಗ್ಗೆ ಒಂದು ಫಾರ್ಮು, ಮಧ್ಯಾಹ್ನ ಇನ್ನೊಂದು. ನಡುವೆ ಕಸಾಯಿಖಾನೆ. ಗಾಡಿಯ ಹಲಗೆ ಸಂದಿನಲ್ಲಿ ಒಣಗಿದ ಸಗಣಿ, ಚಾಲಕನ ಚಪ್ಪಲಿಗೆ ರಕ್ತದ ಕಲೆ. ಅದೇ ಗಾಡಿ ಶೆಡ್ಡಿನ ಬಾಗಿಲ ತನಕ ಬಂದು ನಿಲ್ಲುತ್ತದೆ, ಚಾಲಕನೂ ಹಂದಿ ಹಿಡಿಯಲು ಕೈಜೋಡಿಸುತ್ತಾನೆ. ಹಂದಿಗಳನ್ನು ಬೇಲಿಯ ಹತ್ತಿರಕ್ಕೆ ನಾವೇ ನಡೆಸಿಕೊಂಡು ಹೋಗಿ, ಅಲ್ಲೊಂದು ಇಳಿಜಾರಿನ ಕಟ್ಟೆ ಕಟ್ಟಿ, ಗಾಡಿಯನ್ನು ಹೊರಗೇ ನಿಲ್ಲಿಸಿ ಹತ್ತಿಸಿದರೆ ಎಷ್ಟೋ ಅಪಾಯ ತಪ್ಪುತ್ತದೆ. ಹತ್ತಿದ ಹಂದಿ ಯಾವ ಕಾರಣಕ್ಕೂ ವಾಪಸ್ ಬರಬಾರದು, ವ್ಯಾಪಾರ ಕುದುರದಿದ್ದರೂ ಸರಿ.

ಗೇಟಿನ ಬಳಿ ಬೂಟು ಅದ್ದಲು ರೋಗಾಣು ಕೊಲ್ಲುವ ಔಷಧಿ ನೀರಿನ ತೊಟ್ಟಿ ತುಂಬ ಕಡೆ ಇರುತ್ತದೆ. ಇಣುಕಿ ನೋಡಿದರೆ ನೀರು ಕಂದು ಬಣ್ಣ, ಮೇಲೆ ಹುಲ್ಲು ತೇಲುತ್ತಿರುತ್ತದೆ. ಆ ನೀರಲ್ಲಿ ಬೂಟು ಅದ್ದಿ ಪ್ರಯೋಜನವಿಲ್ಲ. ಸಗಣಿ ಅಂಟಿದ್ದರೆ ಔಷಧಿಯ ಬಲ ಅಲ್ಲೇ ಹೋಗುತ್ತದೆ. ಮೊದಲು ಬ್ರಷ್ ಹಾಕಿ ಸೋಪು ನೀರಲ್ಲಿ ತಿಕ್ಕಬೇಕು, ಆಮೇಲೆ ಔಷಧಿ, ಅದಕ್ಕೂ ಕೆಲಸ ಮಾಡಲು ಕೆಲವು ನಿಮಿಷ ಬೇಕು. ಶೆಡ್ಡಿಗೇ ಅಂತ ಬೇರೆ ಬೂಟು ಇಟ್ಟುಬಿಡುವುದು ಇದಕ್ಕಿಂತ ಸುಲಭ, ಖರ್ಚೂ ಕಡಿಮೆ. ಹೊಸದಾಗಿ ತಂದ ಹಂದಿಗಳನ್ನು ಕನಿಷ್ಠ 30 ದಿನ ದೂರದಲ್ಲಿ ಇಡಿ. ಸೋಂಕು ತಗುಲಿ ಲಕ್ಷಣ ಕಾಣಿಸಲು 19 ದಿನದವರೆಗೂ ಹಿಡಿಯಬಹುದು.

ಮುಸುರೆಯ ವಿಷಯ ಹೇಳಲೇಬೇಕು. ಹೋಟೆಲಿನ ಉಳಿಕೆ ಅಗ್ಗ, ಸಣ್ಣ ಸಾಕಣೆದಾರರ ಲೆಕ್ಕ ಸರಿಹೋಗುವುದೇ ಅದರಿಂದ. ಆದರೆ ಅದರಲ್ಲಿ ಸೋಂಕಿದ್ದ ಹಂದಿಯ ಮಾಂಸದ ಚೂರು ಇದ್ದರೆ ರೋಗ ನೇರವಾಗಿ ಹೊಟ್ಟೆ ಸೇರುತ್ತದೆ. ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲೂ ಈ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ. ಐರೋಪ್ಯ ಒಕ್ಕೂಟ ಮುಸುರೆ ಹಾಕುವುದನ್ನೇ ನಿಷೇಧಿಸಿದೆ. ಕಾನೂನು ಅನುಮತಿಸುವ ಕಡೆ ಕೂಡ ಸುಮ್ನೆ ಬಿಸಿ ಮಾಡಿದರೆ ಸಾಲದು. ಕನಿಷ್ಠ 90 ಡಿಗ್ರಿಯಲ್ಲಿ, ಕೈಯಾಡಿಸುತ್ತಾ, ಪೂರ್ತಿ 60 ನಿಮಿಷ ಬೇಯಿಸಬೇಕು. ಅಷ್ಟು ಸೌದೆ, ಅಷ್ಟು ಹೊತ್ತು ಇಲ್ಲ ಅನ್ನುವವರು ಮುಸುರೆ ಬಿಡುವುದೇ ಒಳ್ಳೆಯದು.

ಬಿಟ್ಟರೆ ಫೀಡ್ ಖರ್ಚು ಬರುತ್ತದೆ. ಒಟ್ಟು ಖರ್ಚಿನಲ್ಲಿ ಸಾಮಾನ್ಯವಾಗಿ 60ರಿಂದ 70 ಶೇಕಡಾ ಫೀಡಿಗೇ ಹೋಗುತ್ತದೆ. ಮೆಕ್ಕೆಜೋಳ, ಸೋಯಾ ಹಿಂಡಿಯ ಬೆಲೆ ನಮ್ಮ ಕೈಯಲ್ಲಿಲ್ಲ, ಮಾಂಸದ ಬೆಲೆಯೂ ಇಲ್ಲ. ಬೆಲೆ ಏರಿದಾಗ ಎಲ್ಲರೂ ತಾಯಿ ಹಂದಿ ಹೆಚ್ಚಿಸುತ್ತಾರೆ. ಗಬ್ಬ 114 ದಿನ, ಮರಿ ಮಾರಾಟದ ತೂಕಕ್ಕೆ ಬರಲು ಸುಮಾರು ಆರು ತಿಂಗಳು. ಹಾಗಾಗಿ ಇವತ್ತಿನ ಬೆಲೆ ನೋಡಿ ಕೂಡಿಸಿದ ಹಂದಿಯ ಮರಿ ಮಾರುಕಟ್ಟೆಗೆ ಬರುವುದು ಹತ್ತು ತಿಂಗಳ ಮೇಲೆ, ಎಲ್ಲರ ಮರಿಗಳ ಜೊತೆಗೇ. ಬೆಲೆ ಕುಸಿಯದೆ ಇನ್ನೇನಾಗುತ್ತೆ, ಅಲ್ವಾ? ಅದಕ್ಕೇ ಬೆಲೆ ಏರಿದ ವರ್ಷ ಬಂದ ಲಾಭವನ್ನು ಹೊಸ ಶೆಡ್ಡಿಗೆ ಸುರಿಯುವ ಬದಲು ಬೇಲಿಗೆ, ಫೀಡ್ ದಾಸ್ತಾನಿಗೆ, ಸಾಲ ತೀರಿಸುವುದಕ್ಕೆ ಹಾಕಿ ಎನ್ನುತ್ತೇನೆ.

ಇರುವ ತಾಯಿ ಹಂದಿಗಳಿಂದಲೇ ಹೆಚ್ಚು ಮರಿ ಉಳಿಸಿಕೊಳ್ಳುವ ದಾರಿಯೂ ಇದೆ. ಹುಟ್ಟಿದ ಮರಿಗೆ ಸುಮಾರು 34 ಡಿಗ್ರಿ ಬೆಚ್ಚಗಿರಬೇಕು, ತಾಯಿಗೆ 20 ಡಿಗ್ರಿ ಹಿತ. ಇಡೀ ಕೋಣೆ ಬಿಸಿ ಮಾಡಿದರೆ ತಾಯಿ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಮಾಡದಿದ್ದರೆ ಮರಿಗಳು ತಾಯಿಗೆ ಒತ್ತಿಕೊಂಡು ಮಲಗಿ ಅದರಡಿ ಸಿಕ್ಕಿ ಸಾಯುತ್ತವೆ. ಒಂದು ಮೂಲೆಗೆ ಅಡ್ಡ ಕಟ್ಟಿ, ಬಲ್ಬು ಹಾಕಿ, ಒಣ ಹುಲ್ಲು ಹಾಸಿದರೆ ಎರಡೂ ಬಗೆಹರಿಯುತ್ತದೆ. ಜೊತೆಗೆ ಮೊದಲ ದಿನವೇ ಹೊಟ್ಟೆ ತುಂಬ ಗಿಣ್ಣು ಹಾಲು, ಮೂರು ದಿನದೊಳಗೆ ಕಬ್ಬಿಣಾಂಶದ ಚುಚ್ಚುಮದ್ದು. ಹೀಗೆ ಗಟ್ಟಿಯಾದ ಮರಿಗೆ ಮುಂದೆ ಆ್ಯಂಟಿಬಯಾಟಿಕ್ ಕೂಡ ಕಡಿಮೆ ಸಾಕು. ಬೆಳವಣಿಗೆಗೆಂದು ಫೀಡಿನಲ್ಲಿ ಆ್ಯಂಟಿಬಯಾಟಿಕ್ ಬೆರೆಸುವುದನ್ನು ಐರೋಪ್ಯ ಒಕ್ಕೂಟ 2006ರಲ್ಲೇ ನಿಲ್ಲಿಸಿತು. ಬೇರೆ ಕಡೆಯೂ ಅದೇ ದಿಕ್ಕು, ಈಗಲೇ ಅಭ್ಯಾಸ ಬಿಡುವುದು ಲೇಸು.

ಇಷ್ಟೆಲ್ಲ ಸಾಕಣೆದಾರರ ಕೈಯಲ್ಲಿರುವುದು. ಸರ್ಕಾರಗಳ ಕೈಯಲ್ಲಿರುವ ಒಂದು ಮಾತ್ರ ನನ್ನನ್ನು ತುಂಬ ಕಾಡುತ್ತದೆ. ಜ್ವರ ಬಂದು ಎರಡು ಹಂದಿ ಸತ್ತಾಗ ಮಾಲೀಕ ಪಶು ಇಲಾಖೆಗೆ ಫೋನ್ ಮಾಡಬೇಕು. ಮಾಡಿದರೆ ಎಲ್ಲ ಹಂದಿಗಳನ್ನೂ ಕೊಂದು ಹೂಳುತ್ತಾರೆ ಅಂತ ಅವನಿಗೆ ಗೊತ್ತು. ಪರಿಹಾರದ ದುಡ್ಡು ಯಾವಾಗ ಬರುತ್ತೆ ಅಂತ ಗೊತ್ತಿಲ್ಲ. ಹೀಗಾಗಿ ಆ ರಾತ್ರಿಯೇ ಸಿಕ್ಕಿದ ಬೆಲೆಗೆ ಉಳಿದವನ್ನು ಮಾರಿಬಿಡುತ್ತಾನೆ, ರೋಗ ಗಾಡಿ ಹತ್ತುತ್ತದೆ. ಮಕ್ಕಳ ಫೀಸು ಕಟ್ಟಬೇಕಾದವನನ್ನು ಬೈದು ಉಪಯೋಗವಿಲ್ಲ. ಪರಿಹಾರದ ಮೊತ್ತ ಮಾರುಕಟ್ಟೆ ಬೆಲೆಗೆ ಹತ್ತಿರವಿರಬೇಕು. ಎಷ್ಟು ದಿನದೊಳಗೆ ಖಾತೆಗೆ ಬೀಳುತ್ತದೆ ಎಂಬುದನ್ನು ಹಂದಿ ಕೊಲ್ಲುವ ಆದೇಶದಲ್ಲೇ ಬರೆದು ಮಾಲೀಕನ ಕೈಗೆ ಕೊಡಬೇಕು.